ಪೆಟ್ಟು ಬಿತ್ತು ಎಂದು ಹೇಳುವವರು ಯಾರು?

ಕಾದಾಟವನ್ನು ಆಟವಾಗಿಸಿದ ಕೂಡಲೇ ಒಂದು ತೊಡಕು ಹುಟ್ಟುತ್ತದೆ. ನಿಜವಾದ ಯುದ್ಧದಲ್ಲಿ ಪೆಟ್ಟು ಬಿತ್ತೋ ಇಲ್ಲವೋ ಎಂಬ ಚರ್ಚೆಗೆ ಜಾಗವಿಲ್ಲ, ಬಿದ್ದವನ ದೇಹವೇ ಅದನ್ನು ಹೇಳುತ್ತದೆ. ಆಟದಲ್ಲಿ ಹಾಗಲ್ಲ. ಕತ್ತಿ ಸ್ಪಂಜಿನದು, ಗುರಾಣಿ ಪ್ಲೈವುಡ್ಡಿನದು, ನೆತ್ತರು ಬರುವುದಿಲ್ಲ. ಆದ್ದರಿಂದ ಯಾರಾದರೊಬ್ಬರು ಬಾಯಿಬಿಟ್ಟು ಹೇಳಬೇಕು. ಹೊಡೆದವನು ಹೇಳಿದರೆ ಜಗಳವಾಗುತ್ತದೆ. ಬದಿಯಲ್ಲಿ ನಿಂತ ಅಂಪೈರ್ ಹೇಳಬಹುದು, ಆದರೆ ಹನ್ನೆರಡು ಜನ ಒಟ್ಟಿಗೆ ನುಗ್ಗಿದಾಗ ಅವನಿಗೆ ಎಲ್ಲವೂ ಕಾಣುವುದಿಲ್ಲ. ಉಳಿಯುವುದು ಪೆಟ್ಟು ತಿಂದವರು ಮಾತ್ರ. ಅವರಿಗೆ ಸತ್ಯ ಗೊತ್ತಿದೆ, ಆ ಸತ್ಯ ಹೇಳಿದರೆ ನಷ್ಟವಾಗುವುದೂ ಅವರಿಗೇ.

ತನಗೆ ನಷ್ಟವಾಗುವ ಸತ್ಯವನ್ನು ಒಬ್ಬ ಮನುಷ್ಯ ಯಾವಾಗ ಹೇಳುತ್ತಾನೆ? ಇದನ್ನು ನಾವು ಸಾಮಾನ್ಯವಾಗಿ ಸ್ವಭಾವದ ಪ್ರಶ್ನೆ ಎಂದುಕೊಳ್ಳುತ್ತೇವೆ: ಪ್ರಾಮಾಣಿಕರು ಹೇಳುತ್ತಾರೆ, ಉಳಿದವರು ಹೇಳುವುದಿಲ್ಲ. ನನಗೆ ಈಚೆಗೆ ಅದು ಅಷ್ಟೇ ಅಲ್ಲವೆನಿಸಿದೆ. ಸೋತವರನ್ನು ಎಲ್ಲಿ ಕೂರಿಸುತ್ತೇವೆ ಎನ್ನುವುದರ ಮೇಲೆ ಎಷ್ಟು ಮಂದಿ ಸತ್ಯ ಹೇಳುತ್ತಾರೆ ಎಂಬುದು ನಿಂತಿರುತ್ತದೆ. ಈ ಯೋಚನೆ ನನಗೆ ಪುಸ್ತಕದಿಂದ ಬಂದದ್ದಲ್ಲ, ನಮ್ಮೂರಿನ ಒಂದು ಹುಲ್ಲುಗಾವಲಿನಲ್ಲಿ ಬಂದದ್ದು.

ನಮ್ಮೂರು ಸಂಪಾಜೆ. ಆ ಹೆಸರಿನ ಊರು ಸುಳ್ಯ ತಾಲೂಕಿನಲ್ಲೂ ಇದೆ, ಗಡಿ ದಾಟಿದರೆ ಮಡಿಕೇರಿ ತಾಲೂಕಿನಲ್ಲೂ ಇದೆ. ನಡುವೆ ಪಯಸ್ವಿನಿ, ಪಕ್ಕದಲ್ಲಿ ಘಾಟಿ ಹತ್ತುವ ಹೆದ್ದಾರಿ. ಆ ರಸ್ತೆಯಲ್ಲಿ ವಾರಾಂತ್ಯಕ್ಕೆ ಬೆಂಗಳೂರಿನ ಬಸ್ಸುಗಳು ಬರುತ್ತವೆ. ತೋಟದ ಮಧ್ಯೆ ತಂಗುಮನೆ ನಡೆಸುವ ನನ್ನ ಗೆಳೆಯನೊಬ್ಬನಿಗೆ ಕಳೆದ ಚಳಿಗಾಲದಲ್ಲಿ ಒಂದು ಕಂಪನಿಯಿಂದ ಬೇಡಿಕೆ ಬಂತು. ನಲವತ್ತೆಂಟು ಉದ್ಯೋಗಿಗಳು, ಒಂದು ದಿನ, ಉದ್ದೇಶ 'ಟೀಮ್ ಬಿಲ್ಡಿಂಗ್'. ಹಗ್ಗಜಗ್ಗಾಟ, ಕೆಸರುಗದ್ದೆ ಓಟ ಎಲ್ಲ ಅವರಿಗೆ ಹಳೆಯದಾಗಿತ್ತಂತೆ. ಈ ಸಲ ಮಧ್ಯಯುಗದ ಯುದ್ಧ ಬೇಕು, ಕತ್ತಿ ಗುರಾಣಿಗಳ ಟೂರ್ನಮೆಂಟ್ ಆಗಬೇಕು, ಕೊನೆಗೆ ಒಂದು ತಂಡ ಗೆಲ್ಲಬೇಕು. ಎಂಟು ತಂಡ, ತಂಡಕ್ಕೆ ಆರು ಜನ, ನಾಕೌಟ್ ಎಂದು ವೇಳಾಪಟ್ಟಿಯನ್ನೂ ಅವರೇ ಕಳಿಸಿದ್ದರು. ಕಪ್ಪಿನ ಮೇಲೆ ಹೆಸರು ಕೆತ್ತಿಸಿ ಆಗಿತ್ತು. ನಾನು ಪಿಎಚ್.ಡಿ.ಗೆ ವೀರಗಲ್ಲುಗಳನ್ನು ಓದುತ್ತಿರುವುದರಿಂದ, ಕಾದಾಟದ ನಿಯಮ ಬರೆದುಕೊಡು ಎಂದು ಗೆಳೆಯ ನನ್ನನ್ನು ಕರೆದ.

ಮೊದಲು ಬಂದ ಸಲಹೆ 'ಸ್ಥಳೀಯ ಇತಿಹಾಸವನ್ನೇ ಆಡೋಣ' ಎಂಬುದು. ಸುಳ್ಯದವರಿಗೆ ಆ ಇತಿಹಾಸ ಹೇಳಿಕೊಡಬೇಕಿಲ್ಲ. 1834ರಲ್ಲಿ ಕಂಪನಿ ಸರ್ಕಾರ ಕೊಡಗನ್ನು ವಶಪಡಿಸಿಕೊಂಡು ಅಮರ ಸುಳ್ಯವನ್ನು ಕೆನರಾ ಜಿಲ್ಲೆಗೆ ಸೇರಿಸಿತು, ಧಾನ್ಯದ ಬದಲು ನಗದಿನಲ್ಲಿ ಕಂದಾಯ ಕೇಳಿತು. 1837ರಲ್ಲಿ ರೈತರು ಎದ್ದರು. ಕೆದಂಬಾಡಿ ರಾಮಯ್ಯ ಗೌಡರೂ ಜೊತೆಗಾರರೂ ಬೆಳ್ಳಾರೆಯ ಖಜಾನೆ ವಶಪಡಿಸಿಕೊಂಡು ಮಂಗಳೂರಿನವರೆಗೆ ನಡೆದು, ಏಪ್ರಿಲ್ 5ರಂದು ಬಾವುಟಗುಡ್ಡೆಯಲ್ಲಿ ತಮ್ಮ ಧ್ವಜ ಏರಿಸಿದರು. ಹದಿಮೂರು ದಿನದ ಆಳ್ವಿಕೆ, ಆಮೇಲೆ ಸೆರೆ, ಗಲ್ಲು, ಗಡೀಪಾರು. ಈ ದಂಗೆಯನ್ನು ನಾಟಕವಾಗಿ ಆಡಬಹುದು, ಟೂರ್ನಮೆಂಟಾಗಿ ಆಡಲು ಆಗುವುದಿಲ್ಲ ಎಂದು ನಾನು ಹೇಳಿದೆ. ನಾಟಕದಲ್ಲಿ ಸೋಲು ಮೊದಲೇ ತಿಳಿದಿರುತ್ತದೆ. ಸೋತವರ ಪಾತ್ರ ಮಾಡುವವನೂ ಗೌರವದಿಂದಲೇ ಮಾಡುತ್ತಾನೆ, ಕಂಪನಿಯ ಸಿಪಾಯಿಯಾಗುವವನಿಗೂ ಅದು ಪಾತ್ರ ಎಂಬುದು ಗೊತ್ತಿರುತ್ತದೆ. ಪಂದ್ಯದಲ್ಲಿ ಸೋಲು ತೆರೆದೇ ಇರಬೇಕು. ಗಲ್ಲಿಗೇರಿದವರ ಹೆಸರಿನ ತಂಡವೊಂದು ಹತ್ತೂವರೆಗೆ ಔಟಾಗಿ ಚಹಾ ಕುಡಿಯಲು ಹೋಗುವುದು ಯಾಕೋ ಸರಿಯೆನಿಸಲಿಲ್ಲ. ಆ ಸಲಹೆ ಅಲ್ಲಿಗೇ ಬಿತ್ತು. ತಂಡಗಳಿಗೆ ನದಿಗಳ ಹೆಸರಿಟ್ಟೆವು.

ನಿಯಮಕ್ಕಾಗಿ ಹುಡುಕುವಾಗ ನನಗೆ ಹಿಡಿಸಿದ್ದು ಒಂದು ಅಮೆರಿಕನ್ ಪದ್ಧತಿ. 1966ರ ಮೇ 1ರಂದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಮಧ್ಯಯುಗದ ಮೋಹವಿದ್ದ ಕೆಲವರು ಹಿತ್ತಲಿನಲ್ಲಿ ಸೇರಿ ಆಡಿದ ಆಟದಿಂದ 'ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂ' ಎಂಬ ಸಂಘ ಹುಟ್ಟಿತು. ಇಂದು ಅದು ಅನೇಕ ದೇಶಗಳಲ್ಲಿದೆ. ಅದರ ಸದಸ್ಯರು ಕವಚ ತೊಟ್ಟು ಬೆತ್ತದ 'ಕತ್ತಿ'ಗಳಿಂದ ಸಾಕಷ್ಟು ಬಲವಾಗಿಯೇ ಹೊಡೆದಾಡುತ್ತಾರೆ. ಅವರ 'ರಾಜ'ನನ್ನು ಆರಿಸುವುದೂ ಇಂಥ ಟೂರ್ನಮೆಂಟಿನಲ್ಲೇ. ಮೈದಾನದಲ್ಲಿ ಮೇಲ್ವಿಚಾರಕರು ಇರುತ್ತಾರೆ, ಆದರೆ ಪೆಟ್ಟು ಸರಿಯಾಗಿ ಬಿತ್ತೇ ಎಂಬುದನ್ನು ಅವರು ತೀರ್ಮಾನಿಸುವುದಿಲ್ಲ. ಪೆಟ್ಟು ತಿಂದವನೇ ತೀರ್ಮಾನಿಸುತ್ತಾನೆ. ನಿಜವಾದ ಕತ್ತಿಯಾಗಿದ್ದರೆ ಈ ಹೊಡೆತಕ್ಕೆ ಸಾಯುತ್ತಿದ್ದೆ ಎನಿಸಿದರೆ ಅವನೇ ಒಪ್ಪಿಕೊಂಡು ಬೀಳಬೇಕು. ಇಡೀ ಆಟ ನಿಂತಿರುವುದು ಸೋಲುವವನ ಮಾತಿನ ಮೇಲೆ.

ಬೆತ್ತ ಎಂದಾಗ ನಮ್ಮ ಘಾಟಿಯ ಮೇಲಿನ ಪರಿಯಕಳಿ ನೆನಪಾಗದೆ ಇರದು. ಕೊಡಗಿನಲ್ಲಿ ಪುತ್ತರಿ ಹಬ್ಬದ ಸಮಯಕ್ಕೆ ಊರಿನ ಮಂದ್‌ನಲ್ಲಿ ಕೋಲಾಟ ನಡೆಯುತ್ತದೆ. ಅದರ ಜೊತೆಗೆ ಆಡುವ ಈ ಆಟದಲ್ಲಿ ಇಬ್ಬರು ಎದುರುಬದುರು ನಿಲ್ಲುತ್ತಾರೆ. ಒಂದು ಕೈಯಲ್ಲಿ ಬೆತ್ತ, ಇನ್ನೊಂದರಲ್ಲಿ ಗುರಾಣಿ. ಹೊಡೆಯಬೇಕಾದದ್ದು ಮೊಣಕಾಲಿನ ಕೆಳಗೆ ಮಾತ್ರ. ಪೆಟ್ಟು ಸುಳ್ಳಲ್ಲ, ಕಾಲಿನ ಮೇಲೆ ಬರೆ ಏಳುತ್ತದೆ. ಬಿಸಿ ಏರಿದರೆ ಹಿರಿಯರು ನಡುವೆ ಬಂದು ಬಿಡಿಸುತ್ತಾರೆ, ಆಡಿದವರು ಅಪ್ಪಿಕೊಂಡು ಹೊರಬರುತ್ತಾರೆ. ಗೆದ್ದವನು ಮುಂದಿನ ಸುತ್ತಿಗೆ ಹೋಗುವ ಕ್ರಮವಿಲ್ಲ. ಮುಂದಿನ ಸುತ್ತೇ ಇಲ್ಲ.

ಮೈಸೂರು ದಸರೆಯ ವಜ್ರಮುಷ್ಟಿ ಕಾಳಗ ಇದಕ್ಕಿಂತ ಉಗ್ರವಾದದ್ದು. ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಮುಷ್ಟಿಗೆ ಮೊನಚು ಆಯುಧ ಕಟ್ಟಿಕೊಂಡು ಸೆಣಸುತ್ತಾರೆ. ಒಬ್ಬರ ತಲೆಯಿಂದ ನೆತ್ತರು ಚಿಮ್ಮಿದ ಕೂಡಲೇ ಮುಗಿಯಿತು. ಹಲವು ಸಲ ಒಂದೆರಡು ನಿಮಿಷವೂ ಹಿಡಿಯುವುದಿಲ್ಲ. ಅಲ್ಲಿಯೂ ಎರಡನೇ ಸುತ್ತಿಲ್ಲ. 'ಪೆಟ್ಟು ಬಿತ್ತು' ಎಂದು ಹೇಳುವ ಕೆಲಸವನ್ನು ರಕ್ತಕ್ಕೆ ಒಪ್ಪಿಸಿದ್ದಾರೆ, ಮನುಷ್ಯನ ಪ್ರಾಮಾಣಿಕತೆಯನ್ನು ಪರೀಕ್ಷೆಗೆ ಒಡ್ಡಿಲ್ಲ.

ಹಳೆಯದೆಲ್ಲ ಹೀಗೆ ಮೆದುವಾಗಿತ್ತು ಎಂದು ಹೇಳುತ್ತಿಲ್ಲ. ಹದಿನಾರನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ವ್ಯಾಪಾರಿ ನೂನಿಜ್, ಮಂತ್ರಿಯ ಅಪ್ಪಣೆ ಪಡೆದು ದ್ವಂದ್ವಯುದ್ಧ ಮಾಡುವ ಪದ್ಧತಿಯನ್ನೂ ಸತ್ತವನ ಆಸ್ತಿ ಗೆದ್ದವನಿಗೆ ಸೇರುವುದನ್ನೂ ಬರೆದಿದ್ದಾನೆ. ಯುರೋಪಿನ ಹನ್ನೆರಡನೇ ಶತಮಾನದ ಟೂರ್ನಮೆಂಟುಗಳು ಹೊಲಗದ್ದೆಗಳ ಮೇಲೆ ಹರಡಿ ನಡೆಯುತ್ತಿದ್ದ ಗುಂಪು ಕಾದಾಟಗಳು. ಎದುರಾಳಿಯನ್ನು ಸೆರೆಹಿಡಿದು ಹಣ ಬಿಡಿಸಿಕೊಳ್ಳುವುದೇ ಅಲ್ಲಿನ ಲಾಭ. ಚರ್ಚು 1130ರಲ್ಲಿ ಅವನ್ನು ನಿಷೇಧಿಸಿತು, 1316ರ ವೇಳೆಗೆ ಕೈಚೆಲ್ಲಿ ನಿಷೇಧ ತೆಗೆಯಿತು. ಕ್ರೌರ್ಯಕ್ಕೆ ಎಲ್ಲಿಯೂ ಕೊರತೆ ಇರಲಿಲ್ಲ. ಆದರೂ ಒಂದು ವ್ಯತ್ಯಾಸ ಗಮನಿಸಬೇಕು. ಸುತ್ತಿನಿಂದ ಸುತ್ತಿಗೆ ಅರ್ಧರ್ಧ ಜನರನ್ನು ಹೊರಗೆ ಹಾಕುತ್ತ ಕೊನೆಗೆ ಒಬ್ಬರನ್ನು ಉಳಿಸಿಕೊಳ್ಳುವ ನಾಕೌಟ್ ಪಟ್ಟಿ ಪರಿಯಕಳಿಗೂ ಬೇಕಾಗಿರಲಿಲ್ಲ, ಜಟ್ಟಿಗಳಿಗೂ ಬೇಕಾಗಿರಲಿಲ್ಲ. 'ಯಾರು ಅತ್ಯುತ್ತಮ?' ಎಂಬ ಪ್ರಶ್ನೆಯನ್ನೇ ಆ ಆಟಗಳು ಕೇಳಿರಲಿಲ್ಲ.

ನಾಕೌಟ್ ಪಟ್ಟಿಯ ಗಣಿತ ಸರಳ. ಪ್ರತಿ ಪಂದ್ಯ ಒಂದು ತಂಡವನ್ನು ಹೊರಗೆ ಹಾಕುತ್ತದೆ. ಎಂಟು ತಂಡವಿದ್ದರೆ ಏಳು ಪಂದ್ಯ, ಏಳು ಸೋಲು. ಒಂದು ತಂಡ ಬಿಟ್ಟು ಉಳಿದೆಲ್ಲರ ದಿನ ಸೋಲಿನಿಂದಲೇ ಮುಗಿಯುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಅರ್ಧದಷ್ಟು ಜನರ ದಿನ ಮೊದಲ ಸುತ್ತಿನಲ್ಲೇ ಮುಗಿಯುತ್ತದೆ. ನಮ್ಮ ಹುಲ್ಲುಗಾವಲಿನಲ್ಲಿ ಒಂಬತ್ತೂವರೆಗೆ ಆಟ ಶುರುವಾಗಿ ಹತ್ತೂಮುಕ್ಕಾಲಿಗೆ ಇಪ್ಪತ್ತನಾಲ್ಕು ಜನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕುಳಿತು ಮೊಬೈಲ್ ನೋಡುತ್ತಿದ್ದರು. ಸಿಗ್ನಲ್ ಸಿಗುವ ಮೂಲೆಗೆ ಪೈಪೋಟಿ ಇತ್ತು.

ನಿಯಮ ಹೀಗಿತ್ತು: ಮುಂಡಕ್ಕೆ ಅಥವಾ ಕಾಲಿಗೆ ಸ್ಪಂಜಿನ ಕತ್ತಿ ತಗುಲಿದರೆ, ತಗುಲಿಸಿಕೊಂಡವರೇ 'ಬಿತ್ತು' ಎಂದು ಕೂಗಿ ಕುಳಿತುಕೊಳ್ಳಬೇಕು. ಆರೂ ಜನ ಕುಳಿತ ತಂಡ ಔಟ್. ಮೊದಲ ಪಂದ್ಯ ಚೆನ್ನಾಗಿಯೇ ಹೋಯಿತು. ಎರಡನೆಯದರಲ್ಲಿ ಒಬ್ಬ ಬೆನ್ನಿಗೆ ಎರಡು ಸಲ ಸ್ಪಷ್ಟವಾಗಿ ಹೊಡೆಸಿಕೊಂಡು ಓಡುತ್ತಲೇ ಇದ್ದ. ಮೂರನೆಯ ಪಂದ್ಯದ ಕೊನೆಯಲ್ಲಿ ಎರಡೂ ಕಡೆ ಒಬ್ಬೊಬ್ಬರೇ ಉಳಿದಿದ್ದರು. ಒಂದು ಕಡೆ ಒಬ್ಬ ಮ್ಯಾನೇಜರ್, ಇನ್ನೊಂದು ಕಡೆ ಆಗಷ್ಟೇ ಕೆಲಸಕ್ಕೆ ಸೇರಿದ್ದ ಹುಡುಗಿ. ಇಬ್ಬರೂ ಒಟ್ಟಿಗೆ ಬೀಸಿದರು. ಯಾರ ಕತ್ತಿ ಯಾರಿಗೆ ತಗುಲಿತೆಂದು ಸುತ್ತ ನಿಂತ ಯಾರಿಗೂ ಕಾಣಲಿಲ್ಲ. ಹುಡುಗಿ ಒಂದು ಕ್ಷಣ ನಿಂತು, 'ಬಿತ್ತು' ಎಂದು ಹೇಳಿ ಕುಳಿತಳು.

ಅವಳ ತಂಡ ಔಟಾಯಿತು. ಯಾರೂ ಅವಳನ್ನು ಬೈಯಲಿಲ್ಲ. 'ಅಷ್ಟೊಂದು ಸೀರಿಯಸ್ಸಾಗಿ ಯಾಕೆ ತಗೊಂಡೆ' ಎಂದು ಒಬ್ಬರು ನಕ್ಕರು. ಇನ್ನೊಬ್ಬರು, 'ಯಾರೂ ನೋಡಿರಲಿಲ್ಲ ಅಲ್ವಾ' ಎಂದರು. ಆಮೇಲೆ ಚಹಾದ ಹೊತ್ತಿನಲ್ಲಿ ಅವಳು ಒಬ್ಬಳೇ ನಿಂತಿದ್ದಳು. ನಂತರದ ಪಂದ್ಯಗಳಲ್ಲಿ 'ಬಿತ್ತು' ಎಂಬ ಕೂಗು ಕಡಿಮೆಯಾಗುತ್ತ ಬಂತು. ಫೈನಲ್‌ನಲ್ಲಿ ಅದು ಬಹುತೇಕ ಕೇಳಲೇ ಇಲ್ಲ. ಗೆಳೆಯ ಸೀಟಿ ಹಿಡಿದು ಅಂಪೈರ್ ಆಗಬೇಕಾಯಿತು.

ಡಚ್ ಇತಿಹಾಸಕಾರ ಯೋಹಾನ್ ಹೌಸಿಂಗ 1938ರಲ್ಲಿ ಪ್ರಕಟಿಸಿದ 'ಹೋಮೋ ಲೂಡೆನ್ಸ್' ಎಂಬ ಪುಸ್ತಕದಲ್ಲಿ ಒಂದು ವಿಚಿತ್ರವನ್ನು ಗುರುತಿಸುತ್ತಾನೆ. ಸಮಾಜ ಆಟದಲ್ಲಿ ಮೋಸ ಮಾಡುವವನನ್ನು ಸಹಿಸಿಕೊಳ್ಳುತ್ತದೆ, ಆಟ ಕೆಡಿಸುವವನನ್ನು ಸಹಿಸುವುದಿಲ್ಲ. ಮೋಸಗಾರ ಕಡೇಪಕ್ಷ ಆಟ ಆಡುವಂತೆ ನಟಿಸುತ್ತಾನೆ, ಕೆಡಿಸುವವನು ಆಟದ ಲೋಕವನ್ನೇ ಒಡೆಯುತ್ತಾನೆ ಎಂಬುದು ಅವನ ವಿವರಣೆ. ನಮ್ಮ ಹುಲ್ಲುಗಾವಲಿನಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ನಿಯಮ ಪಾಲಿಸಿದವಳೇ ಆಟ ಕೆಡಿಸಿದವಳಂತೆ ಕಂಡಳು. ಬರೆದ ನಿಯಮ 'ಸತ್ಯ ಹೇಳು' ಎನ್ನುತ್ತಿತ್ತು. ಗೋಡೆಗೆ ಅಂಟಿಸಿದ್ದ ನಾಕೌಟ್ ಪಟ್ಟಿ 'ಸತ್ಯ ಹೇಳಿದರೆ ನಿನ್ನ ಜೊತೆ ಐವರು ಕುರ್ಚಿಗೆ ಹೋಗುತ್ತಾರೆ' ಎನ್ನುತ್ತಿತ್ತು. ಹುಡುಗಿ ಮೊದಲನೆಯದನ್ನು ಕೇಳಿದಳು, ಉಳಿದವರು ಎರಡನೆಯದನ್ನು. ಉಳಿದವರನ್ನು ಕೆಟ್ಟವರು ಎನ್ನಲು ನನಗೆ ಮನಸ್ಸಿಲ್ಲ. ತಂಡಕ್ಕೆ ನಿಷ್ಠೆ ತೋರಿಸಲೆಂದೇ ಅವರನ್ನು ಅಲ್ಲಿಗೆ ಕರೆತಂದಿದ್ದರು. ಆ ನಿಷ್ಠೆಗೆ ಆ ಪಟ್ಟಿ ಒಂದೇ ಒಂದು ದಾರಿ ಬಿಟ್ಟಿತ್ತು, ಬಾಯಿ ಮುಚ್ಚಿಕೊಳ್ಳುವುದು.

ಇಲ್ಲಿಗೆ ನಿಲ್ಲಿಸಿ, ನಾಕೌಟ್ ಕೆಟ್ಟದು, ಹಿರಿಯರ ಆಟಗಳೇ ಒಳ್ಳೆಯವು ಎಂದುಬಿಡುವುದು ಸುಲಭ. ಆದರೆ ನಾನು ಬೆಳೆದ ಊರು ಆ ಸುಲಭದ ಮಾತಿಗೆ ಅಡ್ಡಬರುತ್ತದೆ.

ಸುಳ್ಯದ ಸುತ್ತಮುತ್ತ ರಾತ್ರಿ ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್ ಪಂದ್ಯಾಟಗಳು ನಾಕೌಟ್ ಆಗಿಯೇ ನಡೆಯುತ್ತವೆ. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳು ನಮ್ಮ ತಾಲೂಕಿನ ಸರ್ಕಾರಿ ರಬ್ಬರ್ ತೋಟಗಳ ಕಾಲೊನಿಗಳಲ್ಲಿ ನೆಲೆಸಿವೆ. ಆ ಕಾಲೊನಿಯ ಹುಡುಗರ ತಂಡವೊಂದು ಊರಿನ ದೊಡ್ಡ ಮನೆತನಗಳ ಹುಡುಗರಿದ್ದ ತಂಡವನ್ನು ಸೆಮಿಫೈನಲ್‌ನಲ್ಲಿ ಮಣಿಸಿದ್ದನ್ನು ಶಾಲೆಯ ದಿನಗಳಲ್ಲಿ ನೋಡಿದ್ದೇನೆ. ಅಂಗಳದ ಹೊರಗೆ ಬೇರೆ ಯಾವ ಜಾಗದಲ್ಲೂ ಅಂಥದ್ದು ಆಗುವಂತಿರಲಿಲ್ಲ. ಪ್ರವೇಶ ಶುಲ್ಕ ಕಟ್ಟಿದರೆ ಯಾರಿಗೂ ಜಾಗ, ಎದುರಾಳಿ ಯಾರೆಂದು ಚೀಟಿ ಹೇಳುತ್ತದೆ, ಪಾಯಿಂಟು ಯಾರ ಮಗನೆಂದು ಕೇಳುವುದಿಲ್ಲ. ಮಂದ್‌ನಲ್ಲಿ ಗುರಾಣಿ ಹಿಡಿದು ನಿಲ್ಲುವುದಕ್ಕೆ ಮೊದಲು ನೀವು ಆ ಊರಿನವರಾಗಿರಬೇಕು, ಅಪ್ಪಿಕೊಳ್ಳಬಹುದಾದವರಾಗಿರಬೇಕು. ಅರಮನೆಯಲ್ಲಿ ಕಾದಾಡಲು ಜಟ್ಟಿ ಮನೆತನದಲ್ಲಿ ಹುಟ್ಟಿರಬೇಕು. ಯಾರು ಎಲ್ಲಿ ನಿಲ್ಲಬೇಕೆಂದು ಮೊದಲೇ ತೀರ್ಮಾನವಾಗಿರುವ ಕಡೆ 'ಯಾರು ಗೆದ್ದರು?' ಎಂದು ಕೇಳದೆ ಇರುವುದು ಕಷ್ಟವಲ್ಲ. ಕೆಳಗಿನವನಿಗೆ ಮೇಲಿನವನನ್ನು ಎಲ್ಲರ ಎದುರು ಸೋಲಿಸುವ ಹಕ್ಕು ಸಿಕ್ಕಿದ್ದು ಪಟ್ಟಿ ಬಂದ ಮೇಲೆ. ಸೋಲೇ ಇಲ್ಲದ ಆಟ ಬೇಕು ಎನ್ನುವವರು ಈ ಹಕ್ಕನ್ನು ಹಿಂದಕ್ಕೆ ಕೇಳುತ್ತಿದ್ದಾರೆ ಎಂಬುದನ್ನು ಮರೆಯಬಾರದು.

ಹಾಗಾದರೆ ತೊಂದರೆ ಎಲ್ಲಿದೆ? ಕೊಡವ ಕುಟುಂಬಗಳ ಹಾಕಿ ಹಬ್ಬವನ್ನು ನೋಡಿದರೆ ಒಂದು ಸುಳಿವು ಸಿಗುತ್ತದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಅರುವತ್ತು ಕುಟುಂಬಗಳ ತಂಡಗಳೊಂದಿಗೆ ಅದನ್ನು ಶುರುಮಾಡಿದರು. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳು ಆಡಿದವು. ಅದೂ ನಾಕೌಟೇ. ಎಂದರೆ 359 ತಂಡಗಳು ಸೋತು ಹೊರಬಂದವು. ಆದರೂ ಯಾರೂ ಒಡೆದುಹೋಗುವುದಿಲ್ಲ, ಮರುವರ್ಷ ಮತ್ತೆ ಬರುತ್ತಾರೆ. ಗಂಡು ಹೆಣ್ಣು, ಹಿರಿಯರು ಮಕ್ಕಳು ಒಂದೇ ತಂಡದಲ್ಲಿ ಆಡುತ್ತಾರೆ. ಕಾರಣ ಕಷ್ಟದ್ದಲ್ಲ. ಕುಟುಂಬ ಆ ಟೂರ್ನಮೆಂಟಿಗಿಂತ ಮೊದಲೂ ಇತ್ತು, ಮೊದಲ ಸುತ್ತಿನಲ್ಲಿ ಸೋತ ಸಂಜೆಯೂ ಇರುತ್ತದೆ. ಸೋತವನು ತನ್ನವರ ಊಟದ ಸಾಲಿಗೇ ಹೋಗುತ್ತಾನೆ, ಪ್ಲಾಸ್ಟಿಕ್ ಕುರ್ಚಿಗಲ್ಲ.

ನಾಕೌಟ್ ಪಟ್ಟಿ ಈಗಾಗಲೇ ಇರುವ ಬಂಧವನ್ನು ತೋರಿಸಬಲ್ಲದು, ಹುರಿಗೊಳಿಸಬಲ್ಲದು. ಇಲ್ಲದ ಬಂಧವನ್ನು ಹುಟ್ಟಿಸುವ ಶಕ್ತಿ ಅದಕ್ಕಿಲ್ಲ. ಬೆಳಿಗ್ಗೆ ಚೀಟಿ ಎತ್ತಿ ಮಾಡಿದ ಆರು ಜನರ ತಂಡವನ್ನು ಹತ್ತೂವರೆಗೆ ಹೊರಗೆ ಹಾಕಿದರೆ ಆ ತಂಡದ ಆಯುಷ್ಯ ಒಂದು ಗಂಟೆ. ಆ ಒಂದು ಗಂಟೆಯನ್ನು ಉಳಿಸಿಕೊಳ್ಳಲು ಇರುವ ದಾರಿ ಗೆಲ್ಲುವುದೊಂದೇ. ಗೆದ್ದರೆ ಮಾತ್ರ ಬದುಕುವ ತಂಡದಲ್ಲಿ 'ಪೆಟ್ಟು ಬಿತ್ತು' ಎನ್ನುವವರು ತಂಡವನ್ನೇ ಕೊಂದಂತೆ ಆಗುತ್ತದೆ.

ವೀರಗಲ್ಲುಗಳನ್ನು ದಿನವೂ ನೋಡುವುದರಿಂದ ನನಗೆ ಇದು ಇನ್ನೊಂದು ಬಗೆಯಲ್ಲೂ ಕಾಣುತ್ತದೆ. ಶಾಲೆಯ ಮಕ್ಕಳಿಗೆ ವೀರಗಲ್ಲು ತೋರಿಸಿದರೆ ಇದು ಗೆದ್ದವನ ಕಲ್ಲು ಎಂದುಕೊಳ್ಳುತ್ತಾರೆ. ಅದು ಪೆಟ್ಟು ತಿಂದವನ ಕಲ್ಲು. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುವುದು, ಮೇಲೆ ಶಿವಸಾನ್ನಿಧ್ಯ. ಊರಿನ ದನ ಬಿಡಿಸಲು ಹೋಗಿ ಸತ್ತವನಿಗೆ, ಗಡಿ ಕಾಯುತ್ತ ಸತ್ತವನಿಗೆ ಕಲ್ಲು ನಿಂತಿತು. ಹತ್ತನೇ ಶತಮಾನದ ಆತಕೂರಿನ ಕಲ್ಲು ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯನ್ನು ನೆನೆಯುತ್ತದೆ. ಕಲ್ಲಿನ ಜೊತೆಗೆ ಅನೇಕ ಕಡೆ ಸತ್ತವನ ಮನೆಯವರಿಗೆ ಭೂಮಿ ಕೊಟ್ಟದ್ದನ್ನೂ ಶಾಸನಗಳು ಹೇಳುತ್ತವೆ. ಅದರ ಹೆಸರೇ ನೆತ್ತರುಗೊಡಗೆ. ಈ ವ್ಯವಸ್ಥೆಯ ಹಿಂದೆ ಅರಸರ ಲೆಕ್ಕಾಚಾರವೂ ಇತ್ತು. ಸತ್ತರೆ ಸ್ವರ್ಗ, ಮನೆಗೆ ಗದ್ದೆ ಎಂದರೆ ಸಾಯಲು ಜನ ಸಿಗುತ್ತಾರೆ. ಅದನ್ನು ಹಾಡಿಹೊಗಳುವ ಅಗತ್ಯ ನನಗಿಲ್ಲ. ಆದರೆ ಒಂದು ವಿಷಯ ಆ ಸಮಾಜಕ್ಕೆ ತಿಳಿದಿತ್ತು: ಬಿದ್ದವನಿಗೆ ಊರಿನೊಳಗೆ ಒಂದು ಜಾಗ ಕೊಡದೆ ನಿಲ್ಲುವವರನ್ನು ಪಡೆಯಲು ಆಗುವುದಿಲ್ಲ.

ಮಧ್ಯಾಹ್ನ ಊಟಕ್ಕೆ ಮೊದಲೇ ಕಪ್ಪು ಒಂದು ತಂಡಕ್ಕೆ ಹೋಗಿಯಾಗಿತ್ತು. ಬಸ್ಸು ಹೊರಡಲು ಇನ್ನೂ ನಾಲ್ಕು ತಾಸು. ಅಡುಗೆಮನೆಯಲ್ಲಿ ಬಡಿಸುತ್ತಿದ್ದ ಹಿರಿಯರೊಬ್ಬರು ಯಕ್ಷಗಾನದ ಹುಚ್ಚಿನವರು. ಸಂಪಾಜೆಯ ಯಕ್ಷೋತ್ಸವವನ್ನು ತಪ್ಪಿಸಿದವರೇ ಅಲ್ಲ. ಕುರ್ಚಿಯಲ್ಲಿ ಕುಳಿತಿದ್ದವರನ್ನು ನೋಡಿ ಅವರು ನಕ್ಕು, 'ನಮ್ಮ ಆಟದಲ್ಲಾದರೆ ಹತ್ತು ಗಂಟೆಗೆ ಸತ್ತವರು ಚೌಕಿಗೆ ಹೋಗಿ ಒಂದು ಚಾ ಕುಡಿದು, ಬೇರೆ ವೇಷ ಕಟ್ಟಿ ಹನ್ನೆರಡಕ್ಕೆ ವಾಪಸು ಬರ್ತಾರೆ' ಎಂದರು. ಗೆಳೆಯ ಕಾಲೇಜಿನಲ್ಲಿ ಕಬಡ್ಡಿ ಆಡಿದವನು. ಅವನಿಗೆ ಅದರಲ್ಲೇ ದಾರಿ ಹೊಳೆಯಿತು.

ಕಬಡ್ಡಿಯಲ್ಲಿ ಔಟಾಗುವುದು ಕೊನೆಯಲ್ಲ. ಔಟಾದವರು ಬದಿಯಲ್ಲಿ ಸಾಲಾಗಿ ಕೂರುತ್ತಾರೆ. ತಮ್ಮವರು ಎದುರಾಳಿಯೊಬ್ಬನನ್ನು ಔಟ್ ಮಾಡಿದರೆ, ಮೊದಲು ಔಟಾದವನು ಮೊದಲು ಎದ್ದು ಒಳಗೆ ಬರುತ್ತಾನೆ. ಕುಳಿತವನ ಕಣ್ಣು ಮೊಬೈಲಿನ ಮೇಲಿರುವುದಿಲ್ಲ, ಒಳಗೆ ರೈಡ್ ಹೋಗುತ್ತಿರುವವನ ಮೇಲಿರುತ್ತದೆ. ಅವನು ಮುಟ್ಟಿ ಬಂದರೆ ಇವನಿಗೆ ಜೀವ. ಕಬಡ್ಡಿಯಲ್ಲಿ ಸೋಲಿದೆ, ಗೆಲುವೂ ಇದೆ, ಅಂಕವೂ ಇದೆ. ಆದರೆ ಒಬ್ಬನ ಸೋಲಿಗೆ ಇನ್ನೊಬ್ಬನ ಆಟದಲ್ಲಿ ಪರಿಹಾರವಿದೆ. ತಂಡ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ನನಗೆ ಇನ್ನೂ ಸಿಕ್ಕಿಲ್ಲ.

ಮಧ್ಯಾಹ್ನ ಅದೇ ಕತ್ತಿ, ಅದೇ ಗುರಾಣಿ, ಎರಡು ದೊಡ್ಡ ತಂಡ. 'ಬಿತ್ತು' ಎಂದು ಕೂರುವುದು, ತಮ್ಮವರು ಎದುರಾಳಿಯನ್ನು ಕೂರಿಸಿದಾಗ ಏಳುವುದು. ಎಲ್ಲರೂ ಹರಿಶ್ಚಂದ್ರರಾಗಿಬಿಟ್ಟರು ಎಂದರೆ ಸುಳ್ಳಾಗುತ್ತದೆ. ಬೆನ್ನಿಗೆ ಹೊಡೆಸಿಕೊಂಡು ಓಡುವವನು ಮಧ್ಯಾಹ್ನವೂ ಓಡಿದ. ಆದರೆ 'ಬಿತ್ತು' ಎಂಬ ಕೂಗು ಮತ್ತೆ ಕೇಳತೊಡಗಿತು, ಹಲವರದು ನಗುವಿನ ಜೊತೆಗೆ ಬಂತು. ಬೆಳಿಗ್ಗೆ ಆ ಹುಡುಗಿಯಿಂದ ಬಹಳ ಧೈರ್ಯ ಕೇಳಿದ್ದ ಮಾತು ಮಧ್ಯಾಹ್ನ ಸಾಮಾನ್ಯ ಮಾತಾಗಿತ್ತು. ಜನ ಬದಲಾಗಿರಲಿಲ್ಲ, ಆ ಮಾತಿನ ಬೆಲೆ ಇಳಿದಿತ್ತು.

ಒಂದು ಆಕ್ಷೇಪವನ್ನು ನಾನೇ ಎತ್ತಬೇಕು. ಬೆಲೆ ಇಳಿದ ಮೇಲೆ ಹೇಳಿದ ಸತ್ಯ ಸತ್ಯವೇ? ಕಷ್ಟದಲ್ಲಿ ಹೇಳಿದ್ದಕ್ಕೆ ತಾನೆ ಮೌಲ್ಯ? ಹುಡುಗಿ ಬೆಳಿಗ್ಗೆ ಹೇಳಿದ ಒಂದು 'ಬಿತ್ತು' ಮಧ್ಯಾಹ್ನದ ಐವತ್ತು 'ಬಿತ್ತು'ಗಳಿಗಿಂತ ತೂಕದ್ದು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುತ್ತೇನೆ. ವ್ಯಕ್ತಿಯನ್ನು ಮೆಚ್ಚುವುದಾದರೆ ನಾವು ಆ ಬೆಳಗಿನ ಮಾತನ್ನೇ ಮೆಚ್ಚಬೇಕು. ಆದರೆ ನಿಯಮ ಬರೆಯುವವರ ಕೆಲಸ ಮೆಚ್ಚುವುದಲ್ಲ. ಪ್ರತಿ ಸತ್ಯಕ್ಕೂ ಒಬ್ಬ ಧೀರೆ ಬೇಕಾಗುವ ಹಾಗೆ ಆಟ ಕಟ್ಟಿ, ಧೀರರು ಕಡಿಮೆ ಎಂದು ಆಮೇಲೆ ಕೊರಗುವುದು ಅನ್ಯಾಯ. ಸಾಧಾರಣ ಮನುಷ್ಯರು ಸಾಧಾರಣ ದಿನದಲ್ಲಿ ನಿಜ ಹೇಳಬಲ್ಲ ಅಂಗಳ ಕಟ್ಟುವುದು ನಿಯಮ ಬರೆಯುವವರ ಪಾಲಿನ ನೀತಿ.

ಇದನ್ನು ಓದುವವರಲ್ಲಿ ಹಲವರು ವಿದ್ಯಾರ್ಥಿಗಳಿರುತ್ತೀರಿ. ನಮ್ಮ ದಿನಗಳೂ ಪಟ್ಟಿಗಳಲ್ಲೇ ಸಾಗುತ್ತವೆ: ಪ್ರವೇಶ ಪರೀಕ್ಷೆ, ನೆಟ್, ಫೆಲೋಶಿಪ್, ಸಂದರ್ಶನ. ಈ ಪಟ್ಟಿಗಳು ಬೇಡ ಎನ್ನಲಾರೆ. ಕಾಲೊನಿಯ ಹುಡುಗರಿಗೆ ಚೀಟಿ ಕೊಟ್ಟ ಹಕ್ಕನ್ನು ನಮ್ಮಂಥವರಿಗೆ ಪರೀಕ್ಷೆ ಕೊಟ್ಟಿದೆ. ನಾನು ಗಮನಿಸುವುದು ಸಂಶೋಧನೆಯ ಒಳಗೆ ಏನಾಗುತ್ತದೆ ಎಂಬುದನ್ನು. ಮೂರು ವರ್ಷ ನೆಚ್ಚಿಕೊಂಡ ಊಹೆಯೊಂದು ಒಂದು ಶಾಸನದ ಒಂದು ಸಾಲಿನಿಂದ ಮುರಿದುಬಿದ್ದರೆ, 'ಪೆಟ್ಟು ಬಿತ್ತು' ಎಂದು ಸೆಮಿನಾರಿನಲ್ಲಿ ಎದ್ದು ಹೇಳುವವರು ಎಷ್ಟು ಜನ? ಹೇಳದೆ ಇರುವವರೆಲ್ಲ ಅಪ್ರಾಮಾಣಿಕರಲ್ಲ. ಹೇಳಿದ ಮೇಲೆ ಎಲ್ಲಿ ಕೂರಬೇಕು, ಯಾರು ಮತ್ತೆ ಎಬ್ಬಿಸುತ್ತಾರೆ ಎಂಬುದು ಅವರಿಗೆ ಗೊತ್ತಿಲ್ಲ. ಪಕ್ಕದ ಮೇಜಿನ ಗೆಳತಿಯ ಹೊಸ ಓದಿನಿಂದ ನನ್ನ ಮುರಿದ ಊಹೆಗೆ ಮರಳಿ ಜೀವ ಬರಬಹುದು ಎಂಬ ನಂಬಿಕೆ ಇರುವ ಕಡೆ ಸಂಶೋಧಕರು ತಪ್ಪನ್ನು ಜೋರಾಗಿ ಹೇಳುತ್ತಾರೆ. ಆ ನಂಬಿಕೆ ಇಲ್ಲದ ಕಡೆ ಎಲ್ಲರ ಪ್ರಬಂಧಗಳೂ ಗೆದ್ದಿರುತ್ತವೆ, ಬೆನ್ನ ಮೇಲಿನ ಪೆಟ್ಟನ್ನು ಯಾರೂ ಎಣಿಸಿರುವುದಿಲ್ಲ.

ಆದ್ದರಿಂದ ಯಾವುದೇ ಪಂದ್ಯ ಏರ್ಪಡಿಸುವವರಿಗೆ, ಅದು ಕತ್ತಿಯದಿರಲಿ ಕಾಗದದ್ದಿರಲಿ, ನನ್ನದೊಂದು ಪ್ರಶ್ನೆ. ಕಪ್ಪು ಎಷ್ಟು ದೊಡ್ಡದು, ಚೀಟಿ ನ್ಯಾಯವಾಗಿ ಎತ್ತಿದ್ದೀರಾ ಎಂದು ಎಲ್ಲರೂ ಕೇಳುತ್ತಾರೆ. ಮೊದಲ ಸುತ್ತಿನಲ್ಲಿ ಸೋತವರಿಗೆ ಹನ್ನೊಂದು ಗಂಟೆಗೆ ಏನು ಕೆಲಸ ಇಟ್ಟಿದ್ದೀರಿ?